ಮೂರನೆಯ ಕೈ

ಮೇಲಿನ ಮಹಡಿಯ ನರ್ಸಮ್ಮ ರಾತ್ರಿ ಪಾಳಿ ಮುಗಿಸಿ, ಮನೆಗೂ ಹೋಗದೆ ನೇರವಾಗಿ ತಾರಸಿಗೆ ಬಂದಾಗ, ನಾನು ಹಾಸಿಗೆ ಹೊದಿಕೆಯ ಒಂದು ತುದಿಯನ್ನು ತಂತಿಗೆ ಹಾಕಿ ಇನ್ನೊಂದು ತುದಿಯನ್ನು ಹಿಂಡುತ್ತಿದ್ದೆ.

“ಏನ್ರೀ, ನಿಮ್ಮ ಮಗಳಿಗೆ ಸ್ವಲ್ಪ ಬುದ್ಧಿ ಹೇಳಿ. ಒಂದೂವರೆ ನಿಮಿಷ ತೋರಿಸ್ತಾಳೆ, ಇನ್ನೇನು ಗೊತ್ತಾಗ್ಬೇಕು ಅನ್ನೋಷ್ಟರಲ್ಲಿ ಬಾಗಿಲು ಹಾಕ್ಕೊಂಡು ಹೋಗ್ತಾಳೆ! ಈಗ ವಾರ್ಡಲ್ಲಿ ಪೇಷಂಟುಗಳೂ ಕೇಳ್ತಾರೆ, ಸಿಸ್ಟರ್, ಆ ಕೈ ಯಾರದು ಅಂತ. ನಿಮಗೆ ಹೇಳಿರ್ತಾಳೆ. ನನ್ನ ಕಿವೀಲಿ ಹೇಳ್ಬಿಡಿ, ಯಾರಿಗೂ ಹೇಳಲ್ಲ.”

“ನೀವು ಯಾರಿಗೂ ಹೇಳಲ್ವಾ?” ಎಂದು ನಕ್ಕೆ. “ನನಗೂ ಹೇಳಿಲ್ಲ ಅವಳು.”

ಮಗಳು ಗುಬ್ಬಿಗೆ ಹದಿನೈದು. ರಜೆ ಶುರುವಾದಾಗಿನಿಂದ ಅವಳೂ ಅವಳ ಗೆಳತಿ ಜಿರಾಫೆಯೂ ಸೇರಿ ಫೋನಿನಲ್ಲೇ ಒಂದು ಪತ್ತೇದಾರಿ ಧಾರಾವಾಹಿ ಮಾಡಿ ಇಂಟರ್ನೆಟ್ಟಿಗೆ ಹಾಕುತ್ತಿದ್ದರು. ಕಥೆ, ಮಾತು, ನಾಯಕಿ ಎಲ್ಲವೂ ಗುಬ್ಬಿ. ಜಿರಾಫೆ ಉದ್ದಕ್ಕಿದ್ದಾಳಾದ್ದರಿಂದ ಕ್ಯಾಮೆರಾ ಅವಳದು. ಹೆಸರು ‘ಮೂರನೇ ಕೈ’. ಮೊದಲೆರಡು ಕಂತು ನೋಡಿ ನಾನು “ದೀಪ ಕಮ್ಮಿಯಾಯ್ತೇನೋ” ಎಂದಿದ್ದಕ್ಕೆ, “ಪೂರ್ತಿ ಮುಗಿದ ಮೇಲೆ ನೋಡು, ಮಧ್ಯದಲ್ಲಿ ಬಾಯಿ ಹಾಕ್ಬೇಡ” ಎಂದು ಅಪ್ಪಣೆಯಾಗಿತ್ತು. ಅದನ್ನೇ ಪಾಲಿಸಿದ್ದೆ.

ನರ್ಸಮ್ಮ ಹನ್ನೆರಡನೇ ಕಂತನ್ನು ನನ್ನ ಮೂಗಿನ ಕೆಳಗೇ ಹಿಡಿದರು.

ಪರದೆಯ ಮೇಲೆ ಒಂದು ಹಳೆಯ ಫೋಟೊ. ಹಸಿರು ಸ್ವೆಟರಿನಲ್ಲಿ ನಾನು. ತೊಡೆಯ ಮೇಲೆ ಎರಡೂವರೆ ವರ್ಷದ ಗುಬ್ಬಿ. ನನ್ನ ಎರಡೂ ಕೈ ಅವಳ ಸೊಂಟ ಬಳಸಿವೆ. ಅವಳ ತಲೆಯ ಮೇಲೆ ಇನ್ನೊಂದು ಕೈ ಇದೆ. ಮಣಿಕಟ್ಟಿನಿಂದ ಆಚೆಗೆ ಫೋಟೊ ಇಲ್ಲ.

“ಅಂಚು ನೋಡಿ,” ಎಂದಿತು ಮಗಳ ದನಿ. “ಹಲ್ಲುಹಲ್ಲಾಗಿದೆ. ಇದು ಮಾಮೂಲಿ ಕತ್ತರಿ ಕೆಲಸ ಅಲ್ಲ. ಇಂಥ ಕತ್ತರಿ ಬಟ್ಟೆ ಹೊಲಿಯೋರ ಮನೇಲಿ ಮಾತ್ರ ಇರತ್ತೆ.”

ಆಮೇಲೆ ಪರದೆ ಕಪ್ಪಾಯಿತು. ಕಪ್ಪಿನೊಳಗಿಂದ ಒಂದು ಪುಟ್ಟ ಮಗು ಅಳುತ್ತ ಹೇಳಿತು: “ಚಿಕ್ಕೀ, ನೀನು ಹೋಗು. ಅಮ್ಮ ಬೇಕು.”

ಅಷ್ಟೇ. ಒಂದೂವರೆ ನಿಮಿಷ ಮುಗಿದಿತ್ತು.

“ಆ ಮಗುವಿನ ದನಿ ಎಲ್ಲಿಂದ ತಂದಳೋ! ಕರುಳು ಚುರ್ ಅನ್ನತ್ತೆ ಕಣ್ರೀ. ಕೊನೇ ಕಂತು ಇವತ್ತು ಸಂಜೆ ಐದಕ್ಕೆ ಅಂತೆ. ನಾನು ಮಲಗೋ ಹಾಗಿಲ್ಲ, ಬಿಡೋ ಹಾಗಿಲ್ಲ... ಅಯ್ಯೋ, ನಿಮ್ಮ ಹೊದಿಕೆ!”

ಹೊದಿಕೆ ತಾರಸಿಯ ಧೂಳಿನಲ್ಲಿ ಬಿದ್ದಿತ್ತು. ಅದನ್ನು ಎತ್ತಿಕೊಂಡು ಕೆಳಗೆ ಬಂದು ಮತ್ತೆ ನೆನೆಹಾಕಿದೆ. ನೀರು ಬಕೆಟ್ ತುಂಬಿ ಹರಿದು ಕಾಲಿಗೆ ತಾಗಿದಾಗಲೇ ನಲ್ಲಿ ನಿಲ್ಲಿಸಿದ್ದು.

ಆ ಕೈ ಅಕ್ಕನದು. ನನ್ನ ಸ್ವಂತ ಅಕ್ಕ.

ಗುಬ್ಬಿ ಹುಟ್ಟಿದ ಹದಿನೈದನೇ ದಿನ ನನಗೆ ಶ್ವಾಸಕೋಶದ ಕಾಯಿಲೆ ಎಂದು ಗೊತ್ತಾಯಿತು. ಮಗುವನ್ನು ಹತ್ತಿರ ಬಿಡಬೇಡಿ ಎಂದರು. ಆಸ್ಪತ್ರೆ, ಆಮೇಲೆ ಆರೈಕೆ ಕೇಂದ್ರ, ವಾಸಿಯಾಯಿತು ಅನ್ನುವಾಗ ಮತ್ತೆ ಆಸ್ಪತ್ರೆ. ಎರಡೂವರೆ ವರ್ಷ ಮಗು ಅಕ್ಕನ ಮನೆಯಲ್ಲಿ ಬೆಳೆಯಿತು. ಅಕ್ಕನ ಮಕ್ಕಳಿಬ್ಬರು ನನ್ನನ್ನು ಚಿಕ್ಕಿ ಅನ್ನುತ್ತಿದ್ದರು. ನಾನು ಯಾವಾಗಲಾದರೊಮ್ಮೆ ಹೋಗಿ ಬಾಗಿಲಲ್ಲಿ ನಿಂತರೆ “ಚಿಕ್ಕಿ ಬಂದ್ಳು” ಎಂದು ಅವರು ಕೂಗುತ್ತಿದ್ದರು. ಗುಬ್ಬಿಯೂ ಅದನ್ನೇ ಕಲಿತಳು. ಅಮ್ಮ ಎಂದರೆ ಅವಳಿಗೆ ಅಕ್ಕ. ಹೆತ್ತ ನಾನು ಚಿಕ್ಕಿ.

ಕರೆದುಕೊಂಡು ಬರುವ ದಿನ ತೆಗೆದ ಫೋಟೊ ಅದು. ಆಮೇಲೆ ಎರಡು ತಿಂಗಳು ಅವಳು ಅತ್ತಳು. ನಾನು ತುತ್ತು ಇಟ್ಟರೆ ಉಗುಳಿ, ‘ಚಿಕ್ಕಿ ಹೋಗು’ ಅನ್ನುತ್ತಿದ್ದಳು. ಅಕ್ಕ ನೋಡಲು ಬಂದು ಹೋದರೆ ಅಳು ಮತ್ತೆ ಮೊದಲಿನಿಂದ. ಕೊನೆಗೆ ಅಕ್ಕನಿಗೆ, “ಸ್ವಲ್ಪ ದಿನ ಬರ್ಬೇಡ್ವೇ, ಅವಳಿಗೆ ನಾನು ಅಭ್ಯಾಸ ಆಗ್ಲಿ” ಎಂದೆ. ಅಕ್ಕ “ಸರಿ ಕಣೆ” ಎಂದಳು. ಅದೇ ಮಧ್ಯಾಹ್ನ ಫೋಟೊ ಕತ್ತರಿಸಿದೆ. ಕಣ್ಣು ಮಂಜಾಗಿತ್ತು, ಕೈಗೆ ಸಿಕ್ಕಿದ್ದು ಬಟ್ಟೆಯ ಅಂಚು ಎಳೆ ಬಿಡದಂತೆ ಕತ್ತರಿಸುವ ಹಲ್ಲಿನ ಕತ್ತರಿ. ಹೊಲಿಗೆ ಯಂತ್ರದ ಜೊತೆಗೆ ಅದನ್ನು ನನಗೆ ಕೊಟ್ಟವಳೂ ಅಕ್ಕನೇ. ಮಗುವಿನ ತಲೆ ಮೇಲಿದ್ದ ಕೈಯನ್ನು ಮಾತ್ರ ಕತ್ತರಿಸಲು ಆಗಲಿಲ್ಲ. ಅದನ್ನು ತೆಗೆದರೆ ತಲೆಯೂ ಹೋಗುತ್ತಿತ್ತು.

ನಾನು ಹೇಳಿದ ‘ಸ್ವಲ್ಪ ದಿನ’ಕ್ಕೆ ಹನ್ನೆರಡು ವರ್ಷ ತುಂಬಿದೆ. ನಾನು ಕರೆಯಲಿಲ್ಲ, ಅಕ್ಕ ಬರಲಿಲ್ಲ, ಗುಬ್ಬಿಗೆ ಇದನ್ನೆಲ್ಲ ಹೇಳಲೂ ಇಲ್ಲ.

ಯಂತ್ರದ ಮುಂದೆ ಕುಳಿತೆ. ಪ್ಯಾಂಟೊಂದಕ್ಕೆ ಜಿಪ್ ಹಾಕುವುದಿತ್ತು. ಹಾಕಿದೆ, ನೋಡಿದರೆ ತಲೆಕೆಳಗು. ಬಿಚ್ಚುವಾಗ ಒಂದೊಂದಾಗಿ ನೆನಪಾಗತೊಡಗಿತು. ಮೂರು ವಾರದ ಹಿಂದೆ ಗುಬ್ಬಿ ನನ್ನ ರಕ್ತದ ಗುಂಪು ಕೇಳಿದ್ದಳು, ಶಾಲೆಯ ಕೆಲಸವಿರಬೇಕು ಅಂದುಕೊಂಡಿದ್ದೆ. ಕನ್ನಡಿಯ ಮುಂದೆ ನನ್ನ ಪಕ್ಕ ನಿಂತು ತನ್ನ ಕಿವಿಯನ್ನೂ ನನ್ನ ಕಿವಿಯನ್ನೂ ನೋಡಿದ್ದಳು. ದಾರದ ಬಾಬಿನ್ ಇಡುವ ಡ್ರಾಯರಿನಲ್ಲಿ ಆ ಫೋಟೊ ಇತ್ತು. ಅವಳಪ್ಪನ ಹಳೆಯ ಫೋನೂ ಅಲ್ಲೇ ಇತ್ತು. ಆ ಅಳುವನ್ನು ಅವರೇ ಅದರಲ್ಲಿ ಹಿಡಿದಿಟ್ಟಿದ್ದರು, ದೊಡ್ಡವಳಾದ ಮೇಲೆ ಕೇಳಿಸಿ ನಗೋಣ ಎಂದು. ಇನ್ನೂ ಒಂದು ನೆನಪಾಯಿತು, ಸೂಜಿ ಹಿಡಿದ ಕೈ ನಿಂತೇಹೋಯಿತು. ಮೂರು ವಾರದಿಂದ ಅವಳು ನನ್ನನ್ನು ಏನೆಂದೂ ಕರೆದಿರಲಿಲ್ಲ. “ಇಲ್ಲಿ ನೋಡು”, “ಕೇಳಿಸ್ತಾ?”, “ಊಟ ಆಯ್ತಾ?” ಅಷ್ಟೇ. ಅಮ್ಮ ಎಂಬ ಮಾತು ಮನೆಯಿಂದಲೇ ಹೋಗಿತ್ತು.

ಯಜಮಾನರಿಗೆ ಫೋನು ಮಾಡಿದೆ. ಅವರು ಬಸ್ಸು ಓಡಿಸುತ್ತಾರೆ. ಕೊನೆಯ ನಿಲ್ದಾಣದಲ್ಲಿ ಬಸ್ಸು ನಿಂತಾಗ ಮಾತ್ರ ಸಿಗುತ್ತಾರೆ.

“ಅವಳು ನನ್ನನ್ನ ಚಿಕ್ಕಮ್ಮ ಅಂದ್ಕೊಂಡಿದಾಳೆ ರೀ. ತನ್ನಮ್ಮನ ನಾನೆಲ್ಲೋ ಕತ್ತರಿಸಿ ಬಿಸಾಕಿದೀನಿ ಅಂತ.”

“ಕೇಳಿದಳಾ?”

“ಇಲ್ಲ. ಊರಿಗೆಲ್ಲಾ ತೋರಿಸ್ತಿದಾಳೆ, ನನ್ನ ಮಾತ್ರ ಕೇಳಿಲ್ಲ.”

“ನೀನೇ ಹೇಳ್ಬಿಡು. ಎಷ್ಟು ವರ್ಷ ಅಂತ ಸ್ಟಾಪಲ್ಲೇ ನಿಲ್ಸಿರ್ತೀಯ? ಹೊರಡ್ಸು.” ಹಿಂದಿನಿಂದ ಯಾರೋ ಹಾರ್ನ್ ಹೊಡೆದರು. “ನೋಡು, ಅವನೂ ಅದೇ ಹೇಳ್ತಿದಾನೆ.”

ಮಧ್ಯಾಹ್ನ ಅವಳಿಗೆ ತಟ್ಟೆಯಿಟ್ಟು ಎದುರಿಗೆ ಕುಳಿತೆ.

“ಗುಬ್ಬೀ, ಆ ಫೋಟೊ...”

“ಹೇಳ್ಬೇಡ!” ಎಂದು ಎರಡೂ ಕಿವಿ ಮುಚ್ಚಿಕೊಂಡಳು. “ಕಥೆ ಒಡೀಬೇಡ. ಕೊನೇ ಕಂತು ಬಾಕಿ ಇದೆ.”

“ಕೊನೇಲಿ ಏನಾಗತ್ತೆ?”

“ಗೊತ್ತಿಲ್ಲ,” ಎಂದಳು ತಟ್ಟೆ ನೋಡುತ್ತ. “ಇನ್ನೂ ಬರ್ದಿಲ್ಲ.” ಅನ್ನ ಕಲಸುತ್ತ, “ನಿನ್ನ ಕೈ ಬೇಕು. ನಾಲ್ಕು ಗಂಟೆಗೆ. ನಾಯಕಿಯ ತಾಯಿ ಪಾತ್ರ. ಮುಖ ಬರಲ್ಲ, ಮಾತಿಲ್ಲ, ಹಲ್ಲಿನ ಕತ್ತರೀಲಿ ಬಟ್ಟೆ ಕತ್ತರಿಸ್ತಿದ್ರೆ ಸಾಕು” ಎಂದಳು.

ಎದ್ದು ಪಾತ್ರೆ ತೊಳೆದೆ. ತೊಳೆದಿದ್ದನ್ನೇ ಇನ್ನೊಮ್ಮೆ ತೊಳೆದೆ. ಆಮೇಲೆ ಅಳತೆ ಟೇಪಿನ ಡಬ್ಬಿ ತೆರೆದು, ಅಡಿಯಲ್ಲಿದ್ದ ಫೋಟೊದ ಇನ್ನೊಂದು ತುಂಡನ್ನು ತೆಗೆದೆ. ಕಿರಿದಾದ ಪಟ್ಟಿ, ಒಂದಂಚು ಹಲ್ಲುಹಲ್ಲು. ಅದರಲ್ಲಿ ಅಕ್ಕ ಕ್ಯಾಮೆರಾ ನೋಡದೆ ಮಗುವನ್ನೇ ನೋಡುತ್ತಿದ್ದಳು. ಯಂತ್ರದ ಮೇಲೆ ಹರಡಿದ ಬಟ್ಟೆಯ ಕೆಳಗೆ ಅದನ್ನಿಟ್ಟೆ. ಅವಳು ಬಾಯಿಬಿಟ್ಟು ಕೇಳಿದರೆ ಸುಳ್ಳು ಹೇಳುವುದಿಲ್ಲ. ಕೇಳದೆ ಐದು ಗಂಟೆಯಾಗಿಬಿಟ್ಟರೆ, ಅವಳು ಊಹಿಸಿದ್ದೇ ಕೊನೆಯ ಕಂತಾಗಿ ಉಳಿದುಬಿಡುತ್ತದೆ. ಗೋಡೆಯ ಗಡಿಯಾರವನ್ನು ಎಷ್ಟು ಸಲ ನೋಡಿದೆನೋ.

ನಾಲ್ಕಕ್ಕೆ ಜಿರಾಫೆ ಬಂದಳು. ಇಸ್ತ್ರಿ ಮೇಜಿನ ಕಾಲಿಗೆ ರಬ್ಬರ್ ಬ್ಯಾಂಡು ಸುತ್ತಿ ಫೋನನ್ನು ನೆಟ್ಟಗೆ ನಿಲ್ಲಿಸಿದಳು.

“ಆಂಟಿ, ಸ್ವಲ್ಪ ಈ ಕಡೆ. ನಿಂತ ಫೋನಲ್ಲಿ ಜಾಗ ಕಮ್ಮಿ. ಇಬ್ರು ಪಕ್ಕಪಕ್ಕ ಬಂದ್ರೆ ಒಬ್ರು ಅರ್ಧ ಹೊರಗೆ ಹೋಗ್ತಾರೆ.”

“ಗೊತ್ತಮ್ಮ,” ಎಂದೆ.

“ನಾನು ಫೋಟೊ ಇಡ್ತೀನಿ,” ಎಂದು ಗುಬ್ಬಿ ಜಿರಾಫೆಗೆ ವಿವರಿಸಿದಳು. “ಇಟ್ಟು, ‘ಅಮ್ಮ, ಈ ಕೈ ಯಾರದು’ ಅಂತೀನಿ. ಕತ್ತರಿ ನಿಲ್ಲತ್ತೆ. ಕಟ್.”

ಕತ್ತರಿ ಕರ್ ಕರ್ ಎಂದಿತು. ನನ್ನ ಕೈಗಳ ಪಕ್ಕ ಫೋಟೊ ಬಂದು ಕುಳಿತಿತು.

“ಈ ಕೈ ಯಾರದು?”

“ಏ, ‘ಅಮ್ಮ’ ಬಿಟ್ಟೆ ಕಣೇ,” ಎಂದಳು ಜಿರಾಫೆ. “ಮತ್ತೆ.”

“ಈ ಕೈ ಯಾರದು?”

“ಮತ್ತೆ ಬಿಟ್ಟೆ! ನೀನೇ ಬರೆದ ಮಾತು ನಿನಗೇ ಬಾಯಿಪಾಠ ಇಲ್ವಾ?”

ಮೂರನೇ ಸಲ “ಅ...” ಎಂದು ನಿಂತಳು. ನಾಲ್ಕನೇ ಸಲ ಕೆಮ್ಮಿದಳು. ಐದನೇ ಸಲ ನೀರು ಕುಡಿದು ಬಂದಳು. ನಾನು ಕತ್ತರಿಸುತ್ತಲೇ ಇದ್ದೆ. ಹಲ್ಲುಹಲ್ಲು ಚೂರುಗಳು ಕಾಲ ಬಳಿ ಗುಡ್ಡೆಯಾದವು. ಆರನೇ ಸಲ ಫೋಟೊ ಇಟ್ಟವಳು ಅದನ್ನೇ ಮತ್ತೆ ಎತ್ತಿಕೊಂಡಳು.

“ಇಪ್ಪತ್ತು ನಿಮಿಷ ಇದೆ ಅಷ್ಟೇ,” ಜಿರಾಫೆ ಗೊಣಗಿದಳು. “ಜನ ಕಾಯ್ತಿದಾರೆ. ಒಂದು ‘ಅಮ್ಮ’ ಅನ್ನೋಕೆ ಇಷ್ಟು ಕಷ್ಟನಾ?”

“ಆಫ್ ಮಾಡು,” ಎಂದಳು ಗುಬ್ಬಿ.

“ಏನು?”

“ಆಫ್ ಮಾಡೇ. ಹೊರಗೆ ಹೋಗು. ಪ್ಲೀಸ್ ಕಣೇ.”

ಜಿರಾಫೆ ಅವಳನ್ನೊಮ್ಮೆ ನನ್ನನ್ನೊಮ್ಮೆ ನೋಡಿ, ರಬ್ಬರ್ ಬ್ಯಾಂಡು ಬಿಚ್ಚಿ ಫೋನು ತೆಗೆದುಕೊಂಡಳು. ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಮೆಟ್ಟಿಲ ಕಡೆ ಹೋದಳು.

ನಾನು ಕತ್ತರಿ ಕೆಳಗಿಟ್ಟು, ಬಟ್ಟೆಯಡಿಯ ಆ ಕಿರಿದಾದ ಪಟ್ಟಿಯ ಮೇಲೆ ಅಂಗೈ ಊರಿದೆ. ಮಗಳು ಯಂತ್ರವನ್ನು ಸುತ್ತಿ ಬಂದು ನನ್ನೆದುರು ನೆಲದ ಮೇಲೆ, ಚೂರುಗಳ ಗುಡ್ಡೆಯ ಮೇಲೇ ಕುಳಿತಳು. ಚಿಕ್ಕವಳಿದ್ದಾಗ ತಲೆ ಬಾಚಿಸಿಕೊಳ್ಳಲು ಕೂರುತ್ತಿದ್ದುದು ಅಲ್ಲೇ. ಆಗ ನನಗೆ ಬೆನ್ನು ಕೊಟ್ಟು ಕೂರುತ್ತಿದ್ದಳು, ಈಗ ಮುಖ ನನ್ನ ಕಡೆಗಿತ್ತು. ಮೂಗಿನ ತುದಿ ಕೆಂಪಾಗಿತ್ತು.

“ನಿಜ ಹೇಳ್ತೀಯಾ?”

“ಹೇಳ್ತೀನಿ.”

ಅವಳು ಫೋಟೊದಲ್ಲಿದ್ದ ಕೈಯನ್ನು ತೋರಿಸಲಿಲ್ಲ, ಅದರ ಕಡೆ ನೋಡಲೂ ಇಲ್ಲ.

“ನೀನು ನನಗೆ ಅಮ್ಮನಾ, ಚಿಕ್ಕಿನಾ?”