ಯಾರ ಹೆಸರು ಮುಂದೆ

ಸಂತೆಯಲ್ಲಿ ಆರಿಸಿ ಆರಿಸಿ ಕೊಂಡ ಹೆಗ್ಗೆಣಸು ಕೂಸಿನಷ್ಟು ಭಾರವಿತ್ತು. ಅದನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅಬೋಸೆಡೆ ಪ್ರೊಫೆಸರ್ ಒಜೆಲಾಡೆಯವರ ಗೇಟಿನ ಮುಂದೆ ನಿಂತೇ ಇದ್ದಳು. ತಾಂತ್ರಿಕ ವಿಶ್ವವಿದ್ಯಾಲಯದ ಆಹಾರ ವಿಭಾಗದಲ್ಲಿ ಅವಳು ಹಿರಿಯ ಅಧ್ಯಾಪಕಿ. ತರಗತಿಗೆ ಕಾಲಿಟ್ಟರೆ ಹಿಂದಿನ ಬೆಂಚಿನ ಹುಡುಗರೂ ಬಾಯಿ ಮುಚ್ಚುತ್ತಾರೆ. ಈ ಗೇಟಿನ ಹತ್ತಿರ ಬಂದರೆ ಮಾತ್ರ ಅವಳು ಮತ್ತೆ ಗುರುಗಳ ಚೀಲ ಹೊತ್ತು ಹಿಂದೆ ಹಿಂದೆ ನಡೆಯುತ್ತಿದ್ದ ಹುಡುಗಿಯೇ.

ಕೇಳಬೇಕಾದ್ದು ಸಣ್ಣ ಮಾತು, ಆದರೆ ಬಾಯಿಗೆ ಬಾರದ ಮಾತು. ಹೆಗ್ಗೆಣಸಿನ ಹಿಟ್ಟಿಗೆ ಹುಳ ಬೀಳದಂತೆ ಒಣಗಿಸುವ ಬಗ್ಗೆ ಅವಳು ಬರೆದ ಲೇಖನವನ್ನು ಸಂಶೋಧನಾ ಪತ್ರಿಕೆಯವರು ಒಪ್ಪಿಕೊಂಡಿದ್ದರು. ಮರುಭೂಮಿಯಿಂದ ಬೀಸುವ ಹರ್ಮಟಾನ್ ಗಾಳಿಯ ಧೂಳಿನಲ್ಲಿ ಕೆಮ್ಮುತ್ತಾ ಒಣಗಿಸಿದವಳು ಅವಳು, ಹುಳ ಎಣಿಸಿದವಳು ಅವಳು, ಬರೆದವಳೂ ಅವಳೇ. ಆದರೆ ಕಳಿಸುವಾಗ ತನ್ನ ಹೆಸರಿನ ಮುಂದೆ ಒಜೆಲಾಡೆಯವರ ಹೆಸರು ಹಾಕಿದ್ದಳು. ಈ ಸಲ ಮಾತ್ರ ಅಲ್ಲ, ಹಿಂದಿನ ಎಲ್ಲ ಲೇಖನಗಳಲ್ಲೂ ಹಾಗೆಯೇ. ಹಿರಿಯರು ಇರುವಾಗ ಕಿರಿಯಳು ಮುಂದೆ ನಿಲ್ಲುವುದೇ? ಅವಳನ್ನು ಹೆತ್ತವರು ಹಾಗೆ ಬೆಳೆಸಿರಲಿಲ್ಲ.

ಬೆಳಿಗ್ಗೆ ವಿಭಾಗದ ಮುಖ್ಯಸ್ಥ ಎಫಿಯೋಂಗ್ ಅವಳನ್ನು ಕೂರಿಸಿ ಚೆನ್ನಾಗಿ ಉಗಿದಿದ್ದರು.

"ಅಲ್ಲ ತಾಯಿ, ಲೇಖನ ಅಂದ್ರೆ ಮದುವೆ ಮನೆ ಕುರ್ಚಿನಾ, ಹಿರಿಯರಿಗೆ ಮುಂದಿನ ಸಾಲು ಅನ್ನೋಕೆ? ಮೊದಲ ಹೆಸರು ನಿಂದಾಗಿರೋ ಲೇಖನ ಒಂದೂ ಇಲ್ಲ. ಬಡ್ತಿ ಸಮಿತಿಯವರು ಏನಂತಾರೆ ಗೊತ್ತಾ? ಈಕೆ ಇಷ್ಟು ವರ್ಷ ಆ ಮುದುಕರ ನೆರಳಲ್ಲಿ ಕೂತಿದ್ದಳು ಅಂತಾರೆ. ನಾಳೆಯೊಳಗೆ ಹೆಸರು ತಿರುಗಿಸಿದ್ರೆ ಸರಿ. ಇಲ್ಲಾಂದ್ರೆ ಈ ಸಲಾನೂ ಹೋಯ್ತು."

ಹೆಸರು ತಿರುಗಿಸಬೇಕಾದರೆ ಒಜೆಲಾಡೆಯವರೇ ಪತ್ರಿಕೆಗೆ ಒಪ್ಪಿಗೆ ಬರೆದು ಕಳಿಸಬೇಕು. ಅವರೋ ನಿವೃತ್ತರಾಗಿ, ಹೆಂಡತಿಯನ್ನು ಕಳೆದುಕೊಂಡು, ಕಣ್ಣಿಗೆ ಪೊರೆ ಬಂದು ಕೂತವರು. ಮನೆಗೆ ಬಂದವರಿಗೆಲ್ಲ 'ನನ್ನದೊಂದು ಲೇಖನ ಬರ್ತಾ ಇದೆ' ಎನ್ನುತ್ತಾರೆಂದು ಊರಿಗೇ ಗೊತ್ತು. ಅವರ ಕೈಗೆ ಉಳಿದಿದ್ದ ಆ ಒಂದು ಸಂತೋಷವನ್ನು ಕಿತ್ತುಕೊಳ್ಳಲು ಅವಳು ಹೆಗ್ಗೆಣಸು ಹಿಡಿದು ಬಂದಿದ್ದಳು. ತನ್ನ ಮೇಲೆ ಅವಳಿಗೇ ಅಸಹ್ಯವಾಯಿತು.

"ಗೇಟು ಕಾಯೋಕೆ ಸಂಬಳ ಕೊಡಲ್ಲ ನಾನು, ಒಳಗೆ ಬಾ," ಎಂದು ಒಜೆಲಾಡೆ ಜಗಲಿಯಿಂದ ಕೂಗಿದರು. ಪೊರೆ ಬಂದ ಕಣ್ಣಿಗೂ ಗುರುತು ಹಿಡಿಯಲು ಅವಳು ನಿಂತ ಭಂಗಿಯೇ ಸಾಕಾಗಿತ್ತು.

ಅವಳು ಮಂಡಿಯೂರಿ ನಮಸ್ಕರಿಸಿದಳು. ಅವರು ಗೆಣಸನ್ನು ತಡವಿ ನೋಡಿದರು.

"ಅಬ್ಬಾ, ಹೆಣ್ಣು ಕೇಳೋಕೆ ಬಂದೋರೂ ಇಷ್ಟು ದೊಡ್ಡದು ತರಲ್ಲ. ಏನೋ ಇದೆ ನಿನ್ನ ಹೊಟ್ಟೇಲಿ."

"ಏನಿಲ್ಲ ಬಾಬಾ. ಊಟ ಆಯ್ತಾ? ಅಮಲಾ ಮುದ್ದೆ ಮಾಡಿಕೊಡ್ತೀನಿ."

ಅಡುಗೆಮನೆ ಅವಳಿಗೆ ಒಳ್ಳೆಯ ಆಶ್ರಯವಾಯಿತು. ಕುದಿಯುವ ನೀರಿಗೆ ತಾನೇ ಒಣಗಿಸಿದ ಹಿಟ್ಟು ಸುರಿದು ಕೋಲಿನಿಂದ ತೊಳಸಿದಳು. ಕಪ್ಪಗೆ, ನುಣ್ಣಗೆ ಮುದ್ದೆ ಕೂತಿತು. ಎವೆಡು ಸೊಪ್ಪಿನ ಲೋಳೆ ಸಾರಿನೊಂದಿಗೆ ಬಡಿಸಿದಳು. ಅವರು ಒಂದು ತುತ್ತು ನುಂಗಿ ಕಣ್ಣು ಮುಚ್ಚಿದರು.

"ಹೋದ ವರ್ಷದ ಹಿಟ್ಟು ತಾನೆ? ಹುಳದ ವಾಸನೆ ಒಂದಿಷ್ಟೂ ಇಲ್ಲ. ನಮ್ಮ ಯಜಮಾನಿ ಇದ್ದಿದ್ರೆ ತಟ್ಟೆ ನೆಕ್ಕಿಬಿಡೋಳು."

ಅಷ್ಟು ಕೇಳಿದ್ದೇ ಅಬೋಸೆಡೆಯ ಕಣ್ಣು ತುಂಬಿತು. ಕೇಳುವುದಿಲ್ಲ, ಬಡ್ತಿ ಹಾಳಾಗಿ ಹೋಗಲಿ ಎಂದು ತೀರ್ಮಾನಿಸಿ ಪಾತ್ರೆ ತೊಳೆದಿಟ್ಟು ಹೊರಟು ನಿಂತಳು.

"ಹೊರಟೆಯಾ? ಬಂದ ಕೆಲಸ?"

"ನೋಡೋಕೆ ಬಂದಿದ್ದೆ ಅಷ್ಟೆ."

"ಸುಳ್ಳು ಹೇಳೋದಕ್ಕೂ ತರಬೇತಿ ಬೇಕು ಕಣಮ್ಮ, ನಿಂಗೆ ಅದನ್ನ ನಾನು ಕಲಿಸಲಿಲ್ಲ. ಎಫಿಯೋಂಗ್ ಫೋನ್ ಮಾಡಿದ್ದ. 'ಆಕೆ ಬರ್ತಾಳೆ, ಆದ್ರೆ ಬಾಯಿ ಬಿಡಲ್ಲ' ಅಂದ. ಅವನ ಮಾತೇ ನಿಜ ಆಯ್ತು ಬಿಡು."

ಅವಳು ಅಲ್ಲಿಯೇ ಮತ್ತೆ ಮಂಡಿಯೂರಿದಳು. "ಬೇಡ ಬಾಬಾ. ನಿಮ್ಮ ಹೆಸರು ಮುಂದೇನೇ ಇರಲಿ. ನಿಮ್ಮನ್ನ ದಾಟಿ ನಿಲ್ಲೋಕೆ ನಂಗೆ ಆಗಲ್ಲ."

ಒಜೆಲಾಡೆಯವರಿಗೆ ಬೇಸರವಾಗಿತ್ತು, ಅದನ್ನು ಮುಚ್ಚಿಡಲೂ ಇಲ್ಲ.

"ಬೇಸರ ಆಗ್ತಿದೆ ಮಗಳೇ. ಇಲ್ಲ ಅಂದ್ರೆ ಸುಳ್ಳಾಗುತ್ತೆ. ಹೆಸರು ಮುಂದೆ ಕಂಡ್ರೆ ಈ ಮುದುಕನಿಗೆ ಸಿಹಿ ತಿಂದ ಹಾಗೆ. ಮೊದಲ್ನೇ ಲೇಖನಕ್ಕೇ ನಿನ್ನ ಕಿವಿ ಹಿಂಡಬೇಕಿತ್ತು. ಸಿಹಿ ಆಸೆಗೆ ಸುಮ್ಮನಾದೆ." ಕೋಲು ಹುಡುಕಿಕೊಂಡು ಎದ್ದರು. "ನಡಿ. ಮನೇಲಿ ಕರೆಂಟಿಲ್ಲ, ಕಂಪ್ಯೂಟರ್ ಸತ್ತು ಬಿದ್ದಿದೆ. ಕ್ರಾಸಿನ ಇಂಟರ್ನೆಟ್ ಅಂಗಡೀಲಿ ಜನರೇಟರ್ ಓಡ್ತಿದೆ, ಅಲ್ಲಿಂದ ಪತ್ರಿಕೆಯೋರಿಗೆ ಬರೆಯೋಣ."

"ಬಾಬಾ, ದಮ್ಮಯ್ಯ, ಬೇಡ."

"ಮಾತಾಡಬೇಡ. ಚೀಲ ತಗೋ."

ಅವಳು ಚೀಲ ಹೆಗಲಿಗೇರಿಸಿದಳು. ಅಭ್ಯಾಸದಂತೆ ಅವರು ಮುಂದೆ, ಅವಳು ಒಂದು ಹೆಜ್ಜೆ ಹಿಂದೆ. ಸಂಜೆ ಬಿಸಿಲು ಕೆಂಪಗಿತ್ತು. ಬೀದಿಯ ತುದಿಯಲ್ಲಿ ದೊಡ್ಡ ಚರಂಡಿ, ಅದರ ಮೇಲೊಂದು ಹಲಗೆ. ಒಜೆಲಾಡೆ ಕೋಲಿನಿಂದ ತಡಕಿದರು. ಕೋಲು ಹಲಗೆಯ ಪಕ್ಕಕ್ಕೆ, ಖಾಲಿ ಜಾಗಕ್ಕೆ ಇಳಿಯಿತು. ಅವರು ಗಕ್ಕನೆ ನಿಂತರು. ಇಷ್ಟು ವರ್ಷ ಅವಳ ಮುಂದೆ ದಾಪುಗಾಲು ಹಾಕಿ ನಡೆದ ಆ ಕಾಲುಗಳು ಹಿಂದೆ ಸರಿಯುವುದನ್ನು ಅವಳು ಮೊದಲ ಬಾರಿ ಕಂಡಳು.

"ನಂಗೆ ಕಾಣ್ತಿಲ್ಲ ಅಬೋಸೆಡೆ," ಎಂದರು ಮೆಲ್ಲಗೆ. "ಮುಂದೆ ಬಾ."

ಅವಳು ಕದಲಲಿಲ್ಲ. ಅವರ ಬದಿಯಿಂದ ದಾಟಿ ಹೋಗಲು ಕಾಲೇ ಏಳಲಿಲ್ಲ.

"ನೀನು ಮರ್ಯಾದೆ ಅಂತ ಹಿಂದೇನೇ ನಿಂತ್ರೆ ನಾನು ಚರಂಡಿಗೆ ಬೀಳ್ತೀನಿ ಕಣೇ. ಆಮೇಲೆ ಊರೋರು 'ಶಿಷ್ಯೆ ಎಷ್ಟು ವಿನಯವಂತೆ' ಅಂತ ಹೊಗಳ್ತಾರಾ?"

ಅಳು ಬರುತ್ತಿದ್ದವಳಿಗೆ ನಗು ಬಂತು. ಅವರ ಪಕ್ಕದಿಂದ ಸುತ್ತಿ ಮುಂದೆ ಬಂದು ಹಲಗೆಯ ಮೇಲೆ ಕಾಲಿಟ್ಟಳು. ಹಿಂದಿನಿಂದ ಒಂದು ಕೈ ಬಂದು ಅವಳ ಹೆಗಲ ಮೇಲೆ ಕೂತಿತು, ಮುದಿ ಕೈ, ಆದರೂ ಭಾರವಾದ ಕೈ. ಇಬ್ಬರೂ ಮೆಲ್ಲಗೆ ದಾಟಿದರು.

ಆಚೆ ಬಂದ ಮೇಲೆ ಅವಳು ಮತ್ತೆ ಹಿಂದಕ್ಕೆ ಸರಿಯಲು ನೋಡಿದಳು. ಹೆಗಲ ಮೇಲಿನ ಕೈ ಬಿಡಲಿಲ್ಲ.

"ಹೀಗೇ ಬರೆಯೋಣ," ಎಂದರು ಒಜೆಲಾಡೆ. "ನೀನು ಮುಂದೆ. ನಿನ್ನ ಹಿಂದೇನೇ ನಾನಿರ್ತೀನಿ. ಎಲ್ಲಿಗೂ ಹೋಗಲ್ಲ."

ಕ್ರಾಸಿನ ಅಂಗಡಿಯವರೆಗೂ ಅವಳು ಮುಂದೆಯೇ ನಡೆದಳು.