ಕರಿ ಚೌಕದ ಹನ್ನೆರಡು ಪ್ರತಿಗಳು

ವಿಜಯಪುರದಲ್ಲಿ ಸಾಯಿರಾಳ ತಂದೆಯದು ಲಗ್ನಪತ್ರಿಕೆಗಳ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ. ಅಲ್ಲಿಯೇ ಸಾಯಿರಾ ತನ್ನ ಚಿತ್ರಗಳನ್ನೂ ಅಚ್ಚು ಹಾಕುತ್ತಿದ್ದಳು. ಈ ಸಲ ಬಿಳಿ ಕಾಗದದ ಮೇಲೆ ಒಂದು ಕರಿ ಚೌಕ, ಮೂಲೆಯಿಂದ ಅದರತ್ತ ಬರುವ ಒಂದು ಬೂದು ಗೆರೆ. ಅಷ್ಟೇ. ಹನ್ನೆರಡು ಪ್ರತಿ ತೆಗೆದು, ಪೆನ್ಸಿಲ್ಲಿನಿಂದ ಸಂಖ್ಯೆ ಬರೆದು, ಮತ್ತೆ ಯಾರೂ ಪ್ರತಿ ತೆಗೆಯಬಾರದೆಂದು ಅಚ್ಚಿನ ಪರದೆಯನ್ನು ತೊಳೆದುಬಿಟ್ಟಳು.

ಅವಳ ಚಿತ್ರಪ್ರದರ್ಶನದ ಎರಡನೇ ದಿನ ಸಭಾಂಗಣ ಗುಡಿಸಲು ಬಂದ ರುಕ್ಮವ್ವ ಹನ್ನೆರಡೂ ಪ್ರತಿಗಳನ್ನು ಸಾಲಾಗಿ ಹಾಕಿದ್ದ ಗೋಡೆಯ ಮುಂದೆ ನಿಂತುಬಿಟ್ಟಳು. ಅರವತ್ತು ದಾಟಿದ ಹೆಂಗಸು, ಹತ್ತಿರದ ಕಳ್ಳಕವಟಗಿ ಊರಿನವಳು.

"ಯವ್ವಾ, ನಮ್ಮ ಹೊಲ ನೀ ಯಾವಾಗ ನೋಡಿದಿ?" ಎಂದು ಅಲ್ಲೇ ಇದ್ದ ಸಾಯಿರಾಳನ್ನು ಕೇಳಿದಳು.

"ಇದು ಹೊಲ ಅಲ್ಲರಿ ಅವ್ವಾ. ಬರೇ ಚೌಕ. ಸ್ಕೇಲ್ ಹಿಡದು ಹೊಡದೇನಿ."

"ಈ ಕರೇದು ನಮ್ಮ ಬಾವಿ. ಈ ಗೆರಿ ಒಡ್ಡು. ನೋಡಿಲ್ಲಿ, ನನ್ನ ತಂಗಿ ದಾನವ್ವ ಬರಾಕತ್ತಾಳ."

ಅವಳ ಬೆರಳಿದ್ದಲ್ಲಿ, ಗೆರೆಯ ಮೇಲೆ, ಸಾಸಿವೆಯಷ್ಟು ಬಿಳಿ ಚುಕ್ಕೆ. ಪರದೆಗೆ ಧೂಳು ಹತ್ತಿದರೆ ಹಾಗಾಗುವುದುಂಟು. ಆದರೆ ಆಗ ಎಲ್ಲ ಪ್ರತಿಗಳಲ್ಲೂ ಅದು ಒಂದೇ ಕಡೆ ಬೀಳಬೇಕು. ಸಾಯಿರಾ ಸಾಲಾಗಿ ನೋಡುತ್ತ ಹೋದಳು. ಒಂದನೆಯದರಲ್ಲಿ ಚುಕ್ಕೆ ಮೂಲೆಯಲ್ಲಿತ್ತು. ಆರನೆಯದರಲ್ಲಿ ಅರ್ಧ ದಾರಿ ಬಂದಿತ್ತು. ಹನ್ನೆರಡನೆಯದರಲ್ಲಿ ಚೌಕದ ಅಂಚಿಗೆ ನಿಂತಿತ್ತು. ನಿನ್ನೆ ಗೋಡೆಗೆ ಹಾಕುವಾಗ ಒಂದರಲ್ಲೂ ಇರಲಿಲ್ಲವೆಂದು ಅವಳು ಆಣೆ ಮಾಡಿ ಹೇಳಬಲ್ಲವಳಾಗಿದ್ದಳು.

ನಲವತ್ತು ವರ್ಷಗಳ ಹಿಂದೆ ಹೊಲಕ್ಕೆ ಬುತ್ತಿ ಒಯ್ದ ದಾನವ್ವ ಮರಳಿ ಬರಲಿಲ್ಲ. ಯಾರ ಜೊತೆಗೋ ಸೊಲ್ಲಾಪುರಕ್ಕೆ ಓಡಿಹೋದಳೆಂದು ಊರು ಆಡಿಕೊಂಡಿತು. ಅದೇ ವಾರ ಅವರ ಅಣ್ಣ ದಶರಥ ಹೊಲದ ಬತ್ತಿದ ಬಾವಿಗೆ ಕಲ್ಲುಚಪ್ಪಡಿ ಮುಚ್ಚಿಸಿದ. ರುಕ್ಮವ್ವ ಇದನ್ನು ಹೇಳಿ, "ಇದರ ಮುಂದಿನ ಚಿತ್ರ ಎಲ್ಲೈತಿ?" ಎಂದು ಕೇಳಿದಳು.

"ಹನ್ನೆರಡ ಅದಾವರಿ," ಎಂದ ಸಾಯಿರಾಳಿಗೆ ಥಟ್ಟನೆ ನೆನಪಾಯಿತು. ಬಣ್ಣ ನೋಡಲೆಂದು ತೆಗೆದ, ಸಂಖ್ಯೆಯಿಲ್ಲದ ಹಾಳೆಯೊಂದು ಅಂಗಡಿಯಲ್ಲಿತ್ತು.

ಇಬ್ಬರೂ ಆಟೋ ಹಿಡಿದು ಹೋದರು. ಹಾಳೆ ಬಿಚ್ಚಿದರೆ ಗೆರೆಯ ಮೇಲೆ ಏನೂ ಇರಲಿಲ್ಲ. ಚುಕ್ಕೆ ಕರಿ ಚೌಕದ ನಟ್ಟನಡುವೆ ಇತ್ತು. ಸಾಯಿರಾ ಮುಟ್ಟಿದಳು. ಕಾಗದ ಅಷ್ಟು ಜಾಗದಲ್ಲಿ ಮಾತ್ರ ಕಲ್ಲಿನಂತೆ ತಣ್ಣಗಿತ್ತು.

ರುಕ್ಮವ್ವ ಅಳಲಿಲ್ಲ. "ಓಡಿ ಹೋಗಿಲ್ಲ ನನ್ನ ತಂಗಿ," ಎಂದಳು.

ಮರುದಿನ ಅವರು ಆ ಹಾಳೆ ತೆಗೆದುಕೊಂಡು ಕಳ್ಳಕವಟಗಿಗೆ ಹೋದರು. ದಶರಥ ತೀರಿಕೊಂಡಿದ್ದ; ಹೊಲ ಈಗ ಅವನ ಮಗ ರಾಜಾರಾಮನದು. ಅವನು ಮೊದಲು ನಕ್ಕ. ಹಾಳೆ ನೋಡುತ್ತ ನೋಡುತ್ತ ಮುಖ ಬಾಡಿತು.

"ಅಪ್ಪ ಸಾಯೂ ಮುಂದ, ಆ ಕಲ್ಲ ತಗೀಬ್ಯಾಡ ಅಂತ ನನ್ನ ಕೈ ಹಿಡಕೊಂಡಿದ್ದ, ಅತ್ತಿ."

ಅವನೇ ಟ್ರ್ಯಾಕ್ಟರ್ ತಂದು ಸರಪಳಿ ಕಟ್ಟಿ ಚಪ್ಪಡಿ ಎಳೆಸಿದ. ತಳದಲ್ಲಿ ಎಲುಬುಗಳಿದ್ದವು, ಹಸಿರು ಗಾಜಿನ ಬಳೆಚೂರುಗಳಿದ್ದವು. ಟಿಕೋಟಾದಿಂದ ಪೊಲೀಸರು ಬರುವಷ್ಟರಲ್ಲಿ ಅರ್ಧ ಊರು ಒಡ್ಡಿನ ಮೇಲೆ ನೆರೆದಿತ್ತು.

ರುಕ್ಮವ್ವ ಜನರತ್ತ ತಿರುಗಿದಳು.

"ಸೊಲ್ಲಾಪುರ ಅಂದ್ರಲ್ಲಾ. ಬರ್ರಿ, ನೋಡ್ರಿ."

ಒಬ್ಬರೂ ಮುಂದೆ ಬರಲಿಲ್ಲ.