ಹನ್ನೊಂದು ದಿನದ ಹುಡುಕಾಟ

ಕಾಣೆಯಾದವರನ್ನು ಹುಡುಕುವ ನಮ್ಮ ಪೊಲೀಸ್ ವಿಭಾಗದಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ. ಕನ್ನಡಿಗರಾದ ಅಪ್ಪ ಇಲ್ಲಿ ರೈಲ್ವೆಯಲ್ಲಿದ್ದರು, ನಾನು ಹುಟ್ಟಿ ಬೆಳೆದದ್ದು ಕೋಲ್ಕತ್ತಾದಲ್ಲೇ. ಹಾಗಾಗಿ 2006ರ ಜುಲೈನಲ್ಲಿ ಶಾಂತಾರಾಮ ಐತಾಳರ ಮಗಳ ಫೈಲನ್ನು ನನ್ನ ತಲೆಗೆ ಕಟ್ಟಿದರು.

ಐತಾಳರು ಕರಾವಳಿಯವರು, ಬ್ಯಾಂಕ್ ಅಧಿಕಾರಿ, ಮನೆ ಟಾಲಿಗಂಜ್‌ನಲ್ಲಿ. ಮಗಳು ಶ್ರೀರಕ್ಷಾಗೆ ಇಪ್ಪತ್ನಾಲ್ಕು. ಸಾಲ್ಟ್ ಲೇಕ್‌ನ ಸಾಫ್ಟ್‌ವೇರ್ ಕಂಪನಿಯ ಕೆಲಸ ಬಿಟ್ಟು, ಮೊಬೈಲ್ ಆಫ್ ಮಾಡಿ ಮಾಯವಾಗಿದ್ದಳು. ಮನೆಯಲ್ಲಿ ಜಗಳ ಆಗಿತ್ತೇ ಎಂದರೆ ಐತಾಳರು "ಎಂತದೂ ಇಲ್ಲ" ಎಂದರು. ಎಲ್ಲ ಅಪ್ಪಂದಿರೂ ಇದನ್ನೇ ಹೇಳುತ್ತಾರೆ. ಮರ್ಯಾದೆಗೆ ಅಂಜಿ ಮುಚ್ಚಿಡುವುದು ಅವರು, ಚಪ್ಪಲಿ ಸವೆಸುವುದು ನಾವು.

ಫೋನ್ ಕರೆಗಳ ಪಟ್ಟಿ, ಆಸ್ಪತ್ರೆ, ಹೌರಾ ಸ್ಟೇಷನ್ನು, ಲೇಡೀಸ್ ಹಾಸ್ಟೆಲ್ಲು ಎಲ್ಲ ಮುಗಿಯಿತು. ಗುರುತು ಸಿಗದ ಹೆಣ ಬಂದಾಗಲೆಲ್ಲ ಐತಾಳರನ್ನು ಶವಾಗಾರಕ್ಕೆ ಕರೆದೊಯ್ಯಬೇಕು. ಮೂರು ಸಲ ಹೋದೆವು. ಮೂರನೆಯ ಸಲ ಬಟ್ಟೆ ಸರಿಸಿದರೂ ಅವರು ಕಣ್ಣು ತೆರೆಯಲಿಲ್ಲ. ನಾನೇ ಫೋಟೋ ಹಿಡಿದು ನೋಡಿ "ಅಲ್ಲ" ಎಂದೆ. ನನಗೂ ಸಾಕುಸಾಕಾಗಿತ್ತು.

ಅವರನ್ನು ಮನೆಗೆ ಬಿಟ್ಟಾಗ ಹೆಂಡತಿ ಗುಲಾಬಿಯವರು ಚಹಾ ಕೊಟ್ಟರು. ಆಗ ಹೊಳೆಯಿತು. ಶವಾಗಾರದಲ್ಲಿ ಏನಾಯಿತೆಂದು ಈಕೆ ಒಮ್ಮೆಯೂ ಕೇಳಿಲ್ಲ. ಹದಿನೇಳು ವರ್ಷದ ನೌಕರಿಯಲ್ಲಿ ಹಾಗೆ ಕೇಳದ ತಾಯಿಯನ್ನು ನಾನು ಕಂಡಿರಲಿಲ್ಲ.

ಮರುದಿನ ಮಂಗಳವಾರ. ಮಗಳಿಗಾಗಿ ಹರಕೆ ಹೊತ್ತಿದ್ದೇನೆಂದು ಗಂಡನಿಗೆ ಹೇಳಿ ಆಕೆ ದಕ್ಷಿಣೇಶ್ವರದ ಕಾಳಿ ದೇವಸ್ಥಾನಕ್ಕೆ ಹೊರಟರು. ಕೈಯಲ್ಲಿ ಊಟದ ಕ್ಯಾರಿಯರ್ ಇತ್ತು. ನಾನು ಹಿಂಬಾಲಿಸಿದೆ. ದೇವಸ್ಥಾನದ ಕಡೆ ತಿರುಗಿಯೂ ನೋಡದೆ ಗಲ್ಲಿಯೊಂದಕ್ಕೆ ನುಗ್ಗಿ, ಮಹಡಿ ಹತ್ತಿದರು. ಬಾಗಿಲು ತೆರೆದವಳು ಶ್ರೀರಕ್ಷಾ.

ನನಗೆ ಸಿಟ್ಟು ನೆತ್ತಿಗೇರಿತು. "ಹನ್ನೊಂದು ದಿನ, ಅಮ್ಮಾ! ನಿಮ್ಮ ಯಜಮಾನ್ರು ಹೆಣ ನೋಡ್ತಾ ತಿರುಗಿದ್ರಲ್ಲ!"

"ಆ ಬಂಗಾಳಿ ಹುಡುಗನನ್ನು ಕಟ್ಟಿಕೊಂಡ್ರೆ ನೀನು ನನ್ನ ಪಾಲಿಗೆ ಸತ್ತೆ ಅಂತ ಹೇಳಿದ್ದು ಅವರೇ ಅಲ್ವಾ?" ಗುಲಾಬಿ ಮಗಳಿಗೆ ಅಡ್ಡ ನಿಂತರು. "ಗೊತ್ತಾದ್ರೆ ಇವಳನ್ನು ಎಳ್ಕೊಂಡು ಹೋಗ್ತಿದ್ರು. ನಾನೆಂತ ಮಾಡ್ಲಿ, ಸಾರ್?"

ಶ್ರೀರಕ್ಷಾ ಹೇಳಿಕೆ ಬರೆದುಕೊಟ್ಟಳು: ಸ್ವಂತ ಇಚ್ಛೆಯಿಂದ ಬಂದಿದ್ದೇನೆ, ವಿಳಾಸವನ್ನು ತಂದೆಗೆ ತಿಳಿಸಬಾರದು. ಪ್ರಾಯಕ್ಕೆ ಬಂದವಳು, ಕಾನೂನು ಅವಳ ಕಡೆಗಿದೆ. ಅಲ್ಲಿಗೆ ಫೈಲು ಮುಗಿಯಿತು.

ಸಂಜೆ ಐತಾಳರನ್ನು ಆಫೀಸಿಗೆ ಕರೆಸಿ ಅಷ್ಟನ್ನೇ ಹೇಳಿದೆ. ಹೆಂಡತಿಯ ವಿಷಯ ಬಾಯಿಗೆ ಬಂದರೂ ನುಂಗಿಕೊಂಡೆ. ಎಲ್ಲಿದ್ದಾಳೆ, ಯಾರ ಜೊತೆಗಿದ್ದಾಳೆ ಎಂದು ಕೇಳುತ್ತಾರೆಂದು ಕಾದೆ. ಅವರು ಕೇಳಲಿಲ್ಲ.

"ಗುಲಾಬಿಗೆ ಹೇಳಿದ್ರಾ?"

"ಇನ್ನೂ ಇಲ್ಲ" ಎಂದು ಸುಳ್ಳು ಹೇಳಿದೆ.

"ನಾನೇ ಹೇಳ್ತೇನೆ. ಪಾಪ, ಅವಳು ಒಳಗೊಳಗೇ ಬೆಂದು ಹೋಗಿದ್ದಾಳೆ." ಮೇಜಿನ ಮೇಲಿದ್ದ ಫೋನಿನಿಂದ ಮನೆಗೆ ಕರೆ ಮಾಡಿದರು. "ಬದುಕಿದ್ದಾಳೆ ಮಾರಾಯ್ತಿ! ನಮ್ಮ ಮಗು ಬದುಕಿದ್ದಾಳೆ!" ಎಂದು ಗಟ್ಟಿಯಾಗಿ ಅತ್ತರು.

ಐತಾಳರು ರಿಸೀವರಿಗೆ ಕೈ ಅಡ್ಡ ಹಿಡಿದು ನನ್ನತ್ತ ತಿರುಗಿದರು. "ಅವಳಿಗೆ ಮಾತೇ ಹೊರಡ್ತಾ ಇಲ್ಲ ಸಾರ್, ಸಂತೋಷಕ್ಕೆ."